ಪತಂಗದ ಕಣ್ಣಿನ ಅಂಚುಗಾಲುವೆ

ಆ ಸಂಶೋಧನಾ ಸಂಸ್ಥೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಕಣ್ಣಕ್ಕ. ತಲೆ ಪೂರ್ತಿ ನರೆತಿದ್ದ ನಿರ್ದೇಶಕರು ಕೂಡ, ತಮಗಿಂತ ಎಷ್ಟೋ ಚಿಕ್ಕವಳೆಂದು ಗೊತ್ತಿದ್ದೂ, ‘ಕಣ್ಣಕ್ಕನ ಹತ್ತಿರ ಕೊಟ್ಟುಬಿಡಿ, ಆಗುತ್ತೆ’ ಎನ್ನುತ್ತಿದ್ದರು. ಹೆಸರಿನ ಅರ್ಧ ಬಂದದ್ದು ಅವಳ ಕೆಲಸದಿಂದ. ಹುಳುಹುಪ್ಪಟೆಗಳ ಕಣ್ಣನ್ನು ಮೈಕ್ರೋಸ್ಕೋಪಿಗೆ ಹದ ಮಾಡಿ ಕೊಡುವುದು ಅವಳ ಉದ್ಯೋಗ. ಇನ್ನರ್ಧ ಬಂದದ್ದು ತಮ್ಮನಿಂದ. ಆ ಪ್ರಯೋಗಾಲಯದ ಮುಖ್ಯಸ್ಥ ಅವಳ ಒಡಹುಟ್ಟಿದ ತಮ್ಮ. ಅವನು ಅಕ್ಕ ಅಂದದ್ದನ್ನೇ ಉಳಿದವರೂ ಹಿಡಿದುಕೊಂಡರು.

ಅವಳ ಕೋಣೆ ಮೊದಲ ಮಹಡಿಯ ಕೊನೆಯಲ್ಲಿತ್ತು. ಗಾಳಿ ಅಲುಗದಂತೆ ಕಿಟಕಿಗಳನ್ನು ಮೊಳೆ ಹೊಡೆದು ಮುಚ್ಚಿದ್ದರು. ಒಳಗೆ ಕಾಲಿಟ್ಟರೆ ಆಲ್ಕೋಹಾಲಿನ ಘಾಟು, ಓವನ್ನಿನ ಬಿಸಿ. ಟೆರೇಸಿನ ದೀಪಕ್ಕೆ ಮುತ್ತಿದ ಪತಂಗಗಳನ್ನು ಹಿಡಿದು ಡಬ್ಬಿಯಲ್ಲಿ ತಂದುಕೊಟ್ಟರೆ ಮುಂದಿನದೆಲ್ಲ ಅವಳದು. ತಲೆಯನ್ನು ಬೇರೆ ಮಾಡಿ, ಕಣ್ಣನ್ನು ಬ್ಲೇಡಿನ ತುದಿಯಿಂದ ಸೀಳಿ, ಜೀವ ಆರುವ ಮೊದಲೇ ಫಿಕ್ಸೇಟಿವ್ ಎಂಬ ದ್ರಾವಣಕ್ಕೆ ಹಾಕಬೇಕು. ಕಣ್ಣಿನೊಳಗಿನ ಒಂದೊಂದು ಕೋಶವೂ ಬದುಕಿದ್ದಾಗ ಹೇಗಿತ್ತೋ ಹಾಗೆಯೇ ನಿಂತುಬಿಡುವಂತೆ ಮಾಡುವುದು ಆ ದ್ರಾವಣದ ಕೆಲಸ. ಆಮೇಲೆ ಅದರ ನೀರನ್ನೆಲ್ಲ ಆಲ್ಕೋಹಾಲಿನಲ್ಲಿ ಮೆಲ್ಲಮೆಲ್ಲಗೆ ಹೀರಿಸಿ, ರೆಸಿನ್ ಎಂಬ ಅಂಟು ತುಂಬಿ, ಓವನ್ನಿನಲ್ಲಿ ಕಲ್ಲಾಗಿಸಬೇಕು. ಕೊನೆಗೆ ಯಂತ್ರಕ್ಕೆ ಸಿಕ್ಕಿಸಿ, ಆಗಷ್ಟೇ ಒಡೆದು ಮಾಡಿಕೊಂಡ ಗಾಜಿನ ಚಾಕುವಿನಿಂದ ಸೀಳಬೇಕು. ಸೀಳುಗಳು ಚಾಕುವಿನ ಬೆನ್ನಿಗಿರುವ ಪುಟ್ಟ ನೀರಿನ ತೊಟ್ಟಿಯಲ್ಲಿ ಒಂದರ ಹಿಂದೊಂದು ತೇಲಿ ಬರುತ್ತವೆ. ಬೆಳ್ಳಿ ಬಣ್ಣವಿದ್ದರೆ ತೆಳು, ನೇರಳೆಯಾದರೆ ದಪ್ಪ, ಎಸೆಯಬೇಕು. ಅವನ್ನು ಮುಟ್ಟಿ ಸರಿಸುವುದಕ್ಕೆ ಸೂಜಿಯೂ ಒರಟು. ಅದಕ್ಕೆ ಅವಳು ತನ್ನದೇ ರೆಪ್ಪೆಗೂದಲನ್ನು ಕಡ್ಡಿಯ ತುದಿಗೆ ಅಂಟಿಸಿಕೊಂಡಿದ್ದಳು. ‘ಈ ಸಂಸ್ಥೆಗೆ ನನ್ನ ಕಣ್ಣು, ಕೈ, ಬೆನ್ನು ಎಲ್ಲ ಹೋಯ್ತು, ರೆಪ್ಪೆ ಒಂದು ಬಾಕಿ ಇತ್ತು, ಅದನ್ನೂ ಕೊಟ್ಟೆ’ ಎಂದು ನಗುತ್ತಿದ್ದಳು. ಆಗಿನ್ನೂ ನಗುತ್ತಿದ್ದ ಕಾಲ.

ಓದಿನಲ್ಲಿ ಅವಳೇನೂ ಹಿಂದಿರಲಿಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಬೇಕೆಂದಿದ್ದಾಗಲೇ ಅಪ್ಪ ಹಾಸಿಗೆ ಹಿಡಿದು, ಏಳಲೇ ಇಲ್ಲ. ತಮ್ಮ ಇನ್ನೂ ಹೈಸ್ಕೂಲು. ಅಮ್ಮನಿಗೆ ಮನೆಯ ಹೊಸ್ತಿಲಾಚೆಯ ಪ್ರಪಂಚ ಗೊತ್ತಿರಲಿಲ್ಲ. ತಂತ್ರಜ್ಞೆಯ ಕೆಲಸ ಸಿಕ್ಕಾಗ, ಒಂದೆರಡು ವರ್ಷ ಅಷ್ಟೇ, ಆಮೇಲೆ ಓದಿಗೆ ಮರಳೋಣ ಅಂದುಕೊಂಡು ಸೇರಿದವಳು ಅಲ್ಲೇ ಬೇರುಬಿಟ್ಟಳು. ಮದುವೆಯ ಮಾತು ಬಂದಾಗಲೆಲ್ಲ ಅಮ್ಮ, ಇವನೊಂದು ದಡ ಸೇರಲಿ ತಡಿ, ಅನ್ನುತ್ತಿದ್ದಳು. ಅವನು ದಡ ಸೇರುವ ಹೊತ್ತಿಗೆ ಮದುವೆಯ ಮಾತು ಎತ್ತುವವರು ಉಳಿದಿರಲಿಲ್ಲ.

ತಮ್ಮ ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಅಕ್ಕನಿದ್ದ ಪ್ರಯೋಗಾಲಯಕ್ಕೇ ಪಿಎಚ್.ಡಿ.ಗೆ ಬಂದ. ರಾತ್ರಿ ಹಾರುವ ಪತಂಗಕ್ಕೆ ಅಷ್ಟು ಮಂದ ಬೆಳಕಿನಲ್ಲಿ ಕಣ್ಣು ಕಾಣುವುದಾದರೂ ಹೇಗೆ ಎಂಬುದು ಅವನ ಪ್ರಶ್ನೆ. ಅಕ್ಕ ಸೀಳಿ ಕೊಟ್ಟ ಕಣ್ಣುಗಳಲ್ಲಿ ಅವನಿಗೆ ಒಂದು ಹೊಸ ಸಂಗತಿ ಸಿಕ್ಕಿತು. ಬೆಳಕನ್ನು ಹಿಡಿಯುವ ಕಡ್ಡಿಯಂಥ ಭಾಗಗಳ ಸುತ್ತ, ಕೋಶ ಕೋಶಗಳ ನಡುವೆ, ಸಣ್ಣ ಸಣ್ಣ ಖಾಲಿ ಜಾಗ. ಒಳಗೆ ಬಂದ ಬೆಳಕು ಪಕ್ಕಕ್ಕೆ ಸೋರದಂತೆ ತಡೆಯುವುದು ಈ ಖಾಲಿ ಜಾಗವೇ ಎಂದು ಅವನು ವಾದ ಕಟ್ಟಿದ. ಅದಕ್ಕೆ ಅಂಚುಗಾಲುವೆ ಎಂದು ಹೆಸರಿಟ್ಟ. ಆ ಹೆಸರು ಅವನನ್ನು ಹೊತ್ತುಕೊಂಡು ಮೇಲಕ್ಕೆ ಹೋಯಿತು. ಲೇಖನ, ಆಹ್ವಾನ, ಪಠ್ಯಪುಸ್ತಕದಲ್ಲಿ ಚಿತ್ರ, ಕೊನೆಗೆ ಮುಖ್ಯಸ್ಥನ ಕುರ್ಚಿ. ಲೇಖನದ ಕೊನೆಯಲ್ಲಿ, ನೆರವಿತ್ತವರಿಗೆ ವಂದನೆ ಎನ್ನುವಲ್ಲಿ ಅವಳ ಹೆಸರೂ ಇತ್ತು. ಅವಳಿಗೆ ಅಷ್ಟೇ ಸಾಕಾಗಿತ್ತು. ಮನೆಯ ಹಜಾರದಲ್ಲಿ ಆ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಬಂದವರಿಗೆಲ್ಲ ಅಮ್ಮ ಅದನ್ನು ತೋರಿಸಿ, ‘ಇದು ನನ್ನ ಮಗನ ಕಣ್ಣು’ ಎನ್ನುತ್ತಿದ್ದಳು. ಕೇಳಿದವರು ಒಮ್ಮೆ ಚಿತ್ರವನ್ನೂ ಒಮ್ಮೆ ಮಗನನ್ನೂ ನೋಡಿ ಗಾಬರಿಯಾಗುತ್ತಿದ್ದರು.

ಎಲ್ಲ ಕೆಟ್ಟದ್ದು ಸಕ್ಕರೆಯಿಂದ. ಫಿಕ್ಸೇಟಿವ್‌ಗೆ ಶುದ್ಧ ಸಕ್ಕರೆಯನ್ನು ಬೆರೆಸುತ್ತಾರೆ. ದ್ರಾವಣ ತೀರ ತಿಳಿಯಾದರೆ ಕೋಶಗಳು ನೀರು ಕುಡಿದು ಉಬ್ಬುತ್ತವೆ, ತೀರ ಸಾಂದ್ರವಾದರೆ ನೀರು ಬಿಟ್ಟು ಸೊರಗುತ್ತವೆ. ಸಕ್ಕರೆ ಆ ಹದಕ್ಕಾಗಿ. ಒಂದು ದಿನ ಹೊರಗಿನಿಂದ ಯಾರೋ ದೊಡ್ಡವರು ಬಂದಿದ್ದರು. ಚಹಾ ಮಾಡುವ ಅಟೆಂಡರನ ಡಬ್ಬಿಯಲ್ಲಿ ಸಕ್ಕರೆ ಮುಗಿದಿತ್ತು. ಕಣ್ಣಕ್ಕನ ಕಪಾಟಿನ ಬಿಳಿ ಶೀಶೆ ಅವನಿಗೆ ಗೊತ್ತಿತ್ತು. ಮರುದಿನ ಅವಳು ಶೀಶೆ ತೆಗೆದರೆ ತಳದಲ್ಲಿ ಒಂದಿಷ್ಟು ಪುಡಿ.

‘ಸಕ್ಕರೇನೇ ತಾನೇ ಅಕ್ಕ, ವಿಷ ಅಲ್ವಲ್ಲ’ ಎಂದ ಅವನು. ‘ಬಂದವರು ಚಹಾ ಚೆನ್ನಾಗಿದೆ ಅಂತ ಇನ್ನೊಂದು ಸಲ ಹಾಕಿಸ್ಕೊಂಡ್ರು.’

ಬೈದಳು, ನಗುವೂ ಬಂತು. ಅವತ್ತೇ ವಿದ್ಯಾರ್ಥಿಗಳ ತರಬೇತಿಗೆ ಪತಂಗದ ಕಣ್ಣು ಹದಗೊಳಿಸಬೇಕಿತ್ತು. ಹೊಸ ಶೀಶೆ ತರಿಸುವಷ್ಟು ವ್ಯವಧಾನವಿರಲಿಲ್ಲ. ಕಲಿಯುವ ಮಕ್ಕಳಿಗೆ ತಾನೇ, ನಡೆಯುತ್ತದೆ ಎಂದು ಇದ್ದಷ್ಟನ್ನೇ ಬೆರೆಸಿದಳು.

ಮುಂದಿನ ವಾರ ಆ ಸೀಳುಗಳನ್ನು ಮೈಕ್ರೋಸ್ಕೋಪಿಗಿಟ್ಟು ನೋಡಿದಾಗ ಅಂಚುಗಾಲುವೆ ಕಾಣಲಿಲ್ಲ. ಕೋಶಗಳು ಒಂದಕ್ಕೊಂದು ಒತ್ತಿಕೊಂಡು, ಕೂದಲೆಳೆ ತೂರುವಷ್ಟೂ ಸಂದಿಲ್ಲದೆ ಕೂತಿದ್ದವು. ಪತಂಗವೇ ಸರಿಯಿಲ್ಲವೇನೋ ಅಂದುಕೊಂಡಳು. ಇನ್ನೊಂದನ್ನು ಹಿಡಿಸಿದಳು, ಅದರಲ್ಲೂ ಅಷ್ಟೇ. ಕೊನೆಗೆ ಒಂದೇ ಪತಂಗದ ಎಡಗಣ್ಣನ್ನು ಎಂದಿನಷ್ಟು ಸಕ್ಕರೆಯ ದ್ರಾವಣಕ್ಕೆ, ಬಲಗಣ್ಣನ್ನು ಕಡಿಮೆ ಸಕ್ಕರೆಯದಕ್ಕೆ ಹಾಕಿದಳು. ಎಡಗಣ್ಣಿನಲ್ಲಿ ಕಾಲುವೆಗಳು ಪಠ್ಯಪುಸ್ತಕದಲ್ಲಿದ್ದಂತೆಯೇ ಸಾಲುಸಾಲಾಗಿದ್ದವು. ಬಲಗಣ್ಣಿನಲ್ಲಿ ಒಂದೂ ಇರಲಿಲ್ಲ.

ಎರಡರ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡಳು. ಒಂದೇ ಜೀವ, ಒಂದೇ ತಲೆ; ಒಂದು ಕಣ್ಣಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲವೆಂದರೆ, ಅದು ಪತಂಗದ್ದಲ್ಲ, ತನ್ನ ಶೀಶೆಯದು.

ಆದರೂ ಇನ್ನೊಂದು ಅನುಮಾನವಿತ್ತು. ಸಕ್ಕರೆ ಕಡಿಮೆಯಾಗಿ ಕೋಶಗಳೇ ಉಬ್ಬಿ, ನಿಜವಾಗಿ ಇದ್ದ ಕಾಲುವೆ ಮುಚ್ಚಿಹೋಗಿದ್ದರೆ? ಪಕ್ಕದ ಕಟ್ಟಡದಲ್ಲಿ, ಒಂದು ಹನಿ ದ್ರವದಲ್ಲಿ ಉಪ್ಪು ಸಕ್ಕರೆ ಎಷ್ಟು ಕರಗಿದೆ ಎಂದು ಅಳೆಯುವ ಯಂತ್ರವಿತ್ತು. ಪತಂಗದ ರಕ್ತವನ್ನು ಹನಿಹನಿಯಾಗಿ ಕೂಡಿಸಿಕೊಂಡು ಹೋಗಿ ಅಳೆದಳು. ತನ್ನ ಎರಡೂ ದ್ರಾವಣಗಳನ್ನೂ ಅಳೆದಳು. ಕಡಿಮೆ ಸಕ್ಕರೆಯದು ರಕ್ತಕ್ಕೆ ಹತ್ತಿರವಿತ್ತು. ಎಂದಿನದು ಎಷ್ಟೋ ಪಟ್ಟು ಗಟ್ಟಿ. ಅಷ್ಟು ಗಟ್ಟಿ ಸಕ್ಕರೆನೀರಿಗೆ ಬಿದ್ದ ಯಾವ ಕೋಶವಾದರೂ ಉಪ್ಪಿಗೆ ಬಿದ್ದ ಸೌತೆಕಾಯಿ ಹೋಳಿನಂತೆ ಸೊರಗಿ ಪಕ್ಕದ್ದರಿಂದ ಬಿಟ್ಟುಕೊಳ್ಳಲೇಬೇಕು. ತಮ್ಮನ ಹೆಸರು, ಕುರ್ಚಿ, ಹಜಾರದ ಗೋಡೆಯ ಮೇಲಿನ ಚಿತ್ರ, ಎಲ್ಲವೂ ಆ ಸೊರಗಿದ ಸಂದಿಗಳ ಮೇಲೆ ನಿಂತಿತ್ತು. ಆ ಸಂದಿಗಳನ್ನು ಇಷ್ಟು ವರ್ಷ ಸ್ವಂತ ಕೈಯಿಂದ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ತಯಾರಿಸಿ ಕೊಟ್ಟವಳು ಅವಳೇ.

ಹೇಳದೆ ಕೆಲವು ದಿನ ಒದ್ದಾಡಿದಳು. ಊಟಕ್ಕೆ ಕೂತಾಗ ಅವನ ಮುಖ ನೋಡುವುದು ಕಷ್ಟವಾಗುತ್ತಿತ್ತು. ತಮ್ಮನ ಹೆಂಡತಿ, ಯಾಕೆ ಅತ್ತಿಗೆ, ಹುಷಾರಿಲ್ವಾ, ಎಂದು ಕೇಳಿದಳು. ತಲೆನೋವು ಎಂದಳು. ಆದರೆ ಅವಳ ಮನಸ್ಸಿನಲ್ಲಿ ಅವನ ಬಗ್ಗೆ ಅನುಮಾನವಿರಲಿಲ್ಲ. ಹೇಳಿದರೆ ಬೇಜಾರಾಗುತ್ತಾನೆ, ಎರಡು ದಿನ ಮಂಕಾಗುತ್ತಾನೆ, ಆಮೇಲೆ ತಾನೇ ಎದ್ದು ನಿಂತು ತಪ್ಪಾಯಿತು ಎಂದು ಬರೆಯುತ್ತಾನೆ. ಹೋಮ್‌ವರ್ಕಿನಲ್ಲಿ ಒಂದು ಲೆಕ್ಕ ತಪ್ಪಿದರೆ ಹಾಳೆ ಹರಿದು ಮೊದಲಿಂದ ಬರೆಯುತ್ತಿದ್ದ ಹುಡುಗನನ್ನು ಅವಳೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದ್ದಳಲ್ಲ.

ಒಂದು ಮಧ್ಯಾಹ್ನ ಎರಡು ಚಿತ್ರಗಳನ್ನು ಹಿಡಿದು ಅವನ ಕೋಣೆಗೆ ಹೋದಳು. ನಾಲ್ಕು ಜನರೆದುರು ಅವಳು ಅವನಿಗೆ ಸರ್ ಎನ್ನುತ್ತಿದ್ದಳು, ಬಹುವಚನ ಹಚ್ಚುತ್ತಿದ್ದಳು. ಅವತ್ತು ಬಾಗಿಲು ಮುಚ್ಚಿ, ಎದುರಿಗೆ ಕೂತು, ಮನೆಯಲ್ಲಿ ಕರೆಯುವಂತೆ ‘ಪುಟ್ಟಾ, ಇದನ್ನ ಸ್ವಲ್ಪ ನೋಡು’ ಎಂದಳು.

ಅವನು ನೋಡಿದ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಸಕ್ಕರೆ ಕಡಿಮೆಯಾದ್ದರಿಂದ ಕೋಶ ಉಬ್ಬಿರಬಹುದು ಎಂದ. ಅವಳು ರಕ್ತದ ಅಳತೆ ಹೇಳಿದಳು. ಯಂತ್ರ ಸರಿಯಿತ್ತೋ ಇಲ್ಲವೋ ಎಂದ. ಬೇರೆ ದಿನ, ಬೇರೆ ಪತಂಗದ್ದನ್ನೂ ಅಳೆದದ್ದನ್ನು ಹೇಳಿದಳು. ಆಮೇಲೆ ಅವನು ಚಿತ್ರಗಳನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟ. ಅವನಿಗೆ ಅರ್ಥವಾಗಿತ್ತು. ಅದು ಅವಳಿಗೂ ಗೊತ್ತಾಯಿತು.

‘ಇದನ್ನ ಬೇರೆ ಯಾರಿಗಾದ್ರೂ ತೋರಿಸಿದ್ಯಾ?’

‘ಇಲ್ಲ.’

‘ಒಳ್ಳೇದಾಯ್ತು. ಅಕ್ಕ, ಈಗ ನನ್ನ ಕೈಕೆಳಗೆ ಓದ್ತಿರೋರೆಲ್ಲ ಇದರ ಮೇಲೇ ಕೆಲಸ ಮಾಡ್ತಿದ್ದಾರೆ. ಇದನ್ನ ಈಗ ಎತ್ತಿದ್ರೆ ಅವರೆಲ್ಲ ಬೀದಿಗೆ ಬೀಳ್ತಾರೆ. ಸ್ವಲ್ಪ ಸಮಯ ಕೊಡು.’

‘ಸಮಯ ತಗೋ. ಆದ್ರೆ ಹೇಳ್ತೀಯ ತಾನೇ?’

ಅವನು ಕಿಟಕಿಯ ಕಡೆ ನೋಡಿದ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ, ಎದುರು ಕಟ್ಟಡದ ನೀರಿನ ಪೈಪು ಅಷ್ಟೇ. ‘ಹೇಳೋದಾದ್ರೆ ಏನಂತ ಹೇಳ್ಲಿ?’ ಎಂದ. ‘ದ್ರಾವಣ ಮಾಡಿದ್ದು ನೀನು. ತಪ್ಪು ಯಾರದು ಅಂತ ಕೇಳಿದ್ರೆ ನಾನು ಯಾರ ಹೆಸರು ಹೇಳ್ಬೇಕು, ನೀನೇ ಹೇಳು.’

ಅವಳಿಗೆ ಮೊದಲು ಆ ಮಾತು ಸರಿಯಾಗಿ ಕೇಳಿಸಲೇ ಇಲ್ಲವೇನೋ ಅನ್ನಿಸಿತು. ಆಮೇಲೆ ಹಳೆಯದೊಂದು ದಿನ ಕಣ್ಣೆದುರು ಬಂತು. ಅವನಿನ್ನೂ ವಿದ್ಯಾರ್ಥಿ. ಸೀಳುಗಳು ಕಲಸಿಕೊಂಡ ಹಾಗಿವೆ, ಕೋಶ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೋ ತಿಳಿಯುತ್ತಿಲ್ಲ ಎಂದು ಗೊಣಗುತ್ತ ಬಂದವನು, ‘ಸಕ್ಕರೆ ಜಾಸ್ತಿ ಹಾಕಿ ನೋಡಕ್ಕ’ ಎಂದಿದ್ದ. ಹಾಕಿದಳು. ಕೋಶಗಳು ಬಿಡಿಬಿಡಿಯಾಗಿ ಕಂಡವು. ಅವನು ಖುಷಿಯಿಂದ, ಇನ್ನು ಮೇಲೆ ಹೀಗೇ ಇರಲಿ, ಎಂದಿದ್ದ. ಅದನ್ನು ನೆನಪಿಸಿದಳು.

‘ನಂಗೆ ನೆನಪಿಲ್ಲ’ ಎಂದ ತಮ್ಮ.

ಸುಳ್ಳು ಹೇಳಿದನೋ, ನಿಜವಾಗಿ ಮರೆತಿದ್ದನೋ, ಅವಳಿಗೆ ಕೊನೆಯವರೆಗೂ ತೀರ್ಮಾನಿಸಲಾಗಲಿಲ್ಲ. ಸುಳ್ಳೆಂದು ಗೊತ್ತಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಮನೆಗೆ ಬರುವಷ್ಟರಲ್ಲಿ ವಿಷಯ ಅವಳಿಗಿಂತ ಮೊದಲೇ ಬಂದು ಕೂತಿತ್ತು. ಅವನು ಅಮ್ಮನಿಗೆ ಫೋನು ಮಾಡಿದ್ದ. ಏನು ಹೇಳಿದ್ದನೋ, ಅಮ್ಮ ಅದನ್ನು ತನಗೆ ತೋಚಿದಂತೆ ಅರ್ಥ ಮಾಡಿಕೊಂಡಿದ್ದಳು. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

‘ನೀನು ಓದೋಕಾಗ್ಲಿಲ್ಲ ಅನ್ನೋದು ನಂಗೂ ಸಂಕಟಾನೇ’ ಎಂದಳು. ‘ಅದಕ್ಕೆ ಇರೋ ಒಬ್ಬ ತಮ್ಮನ ಮೇಲೆ ಹೊಟ್ಟೆಕಿಚ್ಚು ಪಡೋದಾ?’

ಅವಳು ವಿವರಿಸಲು ಹೋದಳು. ಸಕ್ಕರೆ, ಕೋಶ, ರಕ್ತ ಎಂದು ಶುರು ಮಾಡಿದವಳು ಅಮ್ಮನ ಮುಖ ನೋಡಿ ನಿಲ್ಲಿಸಿದಳು. ಅಮ್ಮನಿಗೆ ಬೇಕಿದ್ದದ್ದು ವಿವರವಲ್ಲ. ಗೋಡೆಯ ಮೇಲಿನ ಚಿತ್ರ ಅಲ್ಲೇ ಇರುತ್ತದೆ ಎಂಬ ಒಂದು ಮಾತು. ಅದನ್ನು ಹೇಳಲು ಇವಳಿಗೆ ನಾಲಿಗೆ ಏಳಲಿಲ್ಲ. ಒಳಗೆ ಹೋಗಿ ಕೈಕಾಲು ತೊಳೆದುಕೊಂಡು ಸೊಪ್ಪು ಹೆಚ್ಚಲು ಕೂತಳು. ಆ ರಾತ್ರಿಯಿಂದ ತಮ್ಮ ಊಟವನ್ನು ತನ್ನ ಕೋಣೆಗೇ ತರಿಸಿಕೊಳ್ಳತೊಡಗಿದ.

ಕಾದಳು. ಅವನು ಕೇಳಿದ ಸಮಯ ಮುಗಿಯುವ ಲಕ್ಷಣ ಕಾಣಲಿಲ್ಲ. ಬದಲಿಗೆ ಅಂಚುಗಾಲುವೆಯ ಮೇಲೆ ಅವನ ಇನ್ನೊಂದು ಲೇಖನ ಬಂತು, ಅದಕ್ಕೆ ಅವಳ ಹಳೆಯ ಸೀಳುಗಳನ್ನೇ ಬಳಸಿದ್ದ. ಅವತ್ತು ಅವಳು ನಿರ್ಧಾರ ಮಾಡಿದಳು. ಸಂಸ್ಥೆಯವರೆಲ್ಲ ಸೇರುವ ವಾರ್ಷಿಕ ಸಭೆಯಲ್ಲಿ ತಮ್ಮನ ಭಾಷಣ ಮುಗಿದು, ಪ್ರಶ್ನೆಗಳಿವೆಯೇ ಎಂದು ನಿರ್ದೇಶಕರು ಕೇಳಿದಾಗ, ಹಿಂದಿನ ಸಾಲಿನಿಂದ ಎದ್ದು ನಿಂತಳು. ತಂತ್ರಜ್ಞರು ಅಲ್ಲಿ ಎದ್ದು ನಿಲ್ಲುವ ರೂಢಿಯಿರಲಿಲ್ಲ. ಮೈಕು ಸರಿಯಿಲ್ಲವೆಂದು ಹೇಳಲು ಎದ್ದಳೆಂದುಕೊಂಡು ಅಟೆಂಡರ್ ಓಡಿ ಬಂದ.

‘ಸರ್, ಕಾಲುವೆ ಪತಂಗದ ಕಣ್ಣಲ್ಲಿ ಇಲ್ಲ’ ಎಂದಳು. ‘ನಾನು ಹಾಕೋ ಸಕ್ಕರೆ ಜಾಸ್ತಿಯಾಗಿ ಕೋಶ ಸೊರಗಿ ಸಂದಿ ಬಿಡ್ತಿದೆ. ಎರಡು ಕಣ್ಣನ್ನೂ ಹೋಲಿಸಿ ನೋಡಿದ್ದೀನಿ. ಚಿತ್ರ ತಂದಿದ್ದೀನಿ, ಯಾರು ಬೇಕಾದ್ರೂ ನೋಡಬಹುದು.’

ಸಭೆಯಲ್ಲಿ ಗದ್ದಲವಾಗಬಹುದು, ಯಾರಾದರೂ ಸಿಡಿದೇಳಬಹುದು, ತಮ್ಮನಾದರೂ ಬೈಯಬಹುದು ಎಂದು ಅವಳು ಕಾದು ನಿಂತಿದ್ದಳು. ಅಂಥದ್ದೇನೂ ಆಗಲಿಲ್ಲ. ಮುಂದಿನ ಸಾಲಿನವರು ಕತ್ತು ತಿರುಗಿಸಿ ನೋಡಿ, ಮತ್ತೆ ಮುಂದಕ್ಕೆ ತಿರುಗಿದರು. ವೇದಿಕೆಯ ಮೇಲಿದ್ದ ತಮ್ಮ, ಇತ್ತೀಚಿನ ದ್ರಾವಣಗಳಲ್ಲಿ ಏನೋ ಏರುಪೇರಾಗಿರುವುದು ತನ್ನ ಗಮನಕ್ಕೂ ಬಂದಿದೆ, ಪರಿಶೀಲಿಸುತ್ತೇವೆ ಎಂದು ಶಾಂತವಾಗಿ ಹೇಳಿದ. ನಿರ್ದೇಶಕರು ಬಹಳ ಉಪಯುಕ್ತ ಮಾತು ಎಂದು ಹೊಗಳಿ, ಚಹಾಕ್ಕೆ ಹೊತ್ತಾಯಿತೆಂದರು. ಅವಳ ಚಿತ್ರಗಳನ್ನು ನೋಡಲು ಒಬ್ಬರೂ ಬರಲಿಲ್ಲ.

ಪರಿಶೀಲನೆ ನಡೆಯಿತು. ಅದನ್ನು ನಡೆಸಿದವರಲ್ಲಿ ಒಬ್ಬರಿಗೂ ಕಣ್ಣು ಸೀಳಿ ಗೊತ್ತಿರಲಿಲ್ಲ, ಅವಳನ್ನು ಕರೆದು ಕೇಳಲೂ ಇಲ್ಲ. ದ್ರಾವಣ ತಯಾರಿಸುವಲ್ಲಿ ತಂತ್ರಜ್ಞೆಯಿಂದ ಈಚೆಗೆ ಅಜಾಗರೂಕತೆಯಾಗಿದೆ, ದೀರ್ಘಕಾಲ ಒಂದೇ ಕೆಲಸ ಮಾಡಿದವರಲ್ಲಿ ಇದು ಸಹಜ, ಬೇರೆ ವಿಭಾಗಕ್ಕೆ ಕಳಿಸುವುದು ಒಳ್ಳೆಯದು ಎಂದು ತೀರ್ಮಾನವಾಯಿತು. ಅವಳನ್ನು ನೆಲಮಾಳಿಗೆಯ ಗಾಜಿನ ಸಾಮಾನಿನ ಉಗ್ರಾಣಕ್ಕೆ ಹಾಕಿದರು. ಹೊಸದಾಗಿ ಬಂದ ತಂತ್ರಜ್ಞೆಗೆ ಕೆಲಸ ಕಲಿಸಿಕೊಡಲು ಮಾತ್ರ ಒಂದು ವಾರ ಮೇಲಿನ ಕೋಣೆಗೆ ಹೋಗಬೇಕಿತ್ತು. ಸಕ್ಕರೆ ಎಷ್ಟು ಹಾಕಬೇಕೆಂದು ಆ ಹುಡುಗಿ ಕೇಳಿದಾಗ, ಅದನ್ನು ನಿಮ್ಮ ಸರ್‌ನ ಕೇಳಮ್ಮ, ಎಂದಳು. ಅವರು ಹಳೆಯ ಅಳತೆಯನ್ನೇ ಹೇಳಿದರಂತೆ.

ತಮ್ಮನ ಮನೆಯಲ್ಲಿ ಇರುವುದು ಸಾಧ್ಯವಾಗಲಿಲ್ಲ. ಯಾರೂ ಹೋಗು ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ. ಸಂಸ್ಥೆಯ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದಳು. ಹೊಲಿಗೆ ಯಂತ್ರದ ಸದ್ದು ದಿನವಿಡೀ ಕಾಲಡಿಯಲ್ಲಿ ಕಟಕಟಗುಟ್ಟುತ್ತಿತ್ತು. ಟೈಲರನ ಹೆಂಡತಿ ಎರಡು ಸಲ ಮಾತಾಡಿಸಲು ಬಂದು, ಇವಳ ಹೂಂ ಉಹೂಂಗಳಿಗೆ ಬೇಸತ್ತು ಬರುವುದನ್ನು ಬಿಟ್ಟಳು. ಅವಳಿಗೆ ತನ್ನ ಮೇಲೇ ಕನಿಕರವಿರಲಿಲ್ಲ. ಅಷ್ಟು ವರ್ಷ ದ್ರಾವಣ ಕಲಸಿದವಳು ಒಮ್ಮೆಯಾದರೂ ಅದನ್ನು ಅಳೆದು ನೋಡಬಾರದಿತ್ತೇ? ತಮ್ಮ ಹೇಳಿದ, ಹಾಕಿದೆ. ಚಿತ್ರ ಚೆಂದ ಬಂತು, ಹಿಗ್ಗಿದೆ. ಉಗ್ರಾಣದಲ್ಲಿ ಬೀಕರುಗಳನ್ನು ಒರೆಸುತ್ತ ಅವಳು ಇದನ್ನು ಮತ್ತೆ ಮತ್ತೆ ನೆನೆಯುತ್ತಿದ್ದಳು, ಹುಣ್ಣನ್ನು ಕೆರೆದುಕೊಂಡಂತೆ.

ಕೆಲವು ವರ್ಷ ಕಳೆದ ಮೇಲೆ ದೂರದ ಯಾವುದೋ ಪ್ರಯೋಗಾಲಯದವರು ಕಣ್ಣನ್ನು ದ್ರಾವಣಕ್ಕೆ ಹಾಕದೆ, ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿಸಿ ನೋಡುವ ವಿಧಾನದಿಂದ ಅಂಚುಗಾಲುವೆ ಎನ್ನುವುದೇ ಇಲ್ಲವೆಂದು ತೋರಿಸಿದರು. ಇನ್ನು ತಮ್ಮನ ಕತೆ ಮುಗಿಯಿತು ಎಂದುಕೊಂಡಳು. ಹಾಗೆ ಅನ್ನಿಸಿದಾಗ ಸಂತೋಷವಾಯಿತು. ಆ ಸಂತೋಷ ಎಂಥದ್ದೆಂದು ಅರಿವಾಗಿ ಅವಳಿಗೆ ತನ್ನ ಬಗ್ಗೆ ಹೇಸಿಗೆಯೂ ಆಯಿತು. ಆದರೆ ಮುಗಿಯಲಿಲ್ಲ. ತಮ್ಮ ತಡಮಾಡದೆ ತಾನೇ ಒಂದು ಲೇಖನ ಬರೆದು, ಹೊಸ ವಿಧಾನದ ಬೆಳಕಿನಲ್ಲಿ ತನ್ನ ವಾದವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಘೋಷಿಸಿದ. ಇಂಥ ಪ್ರಾಮಾಣಿಕತೆ ಈ ಕಾಲದಲ್ಲಿ ಅಪರೂಪ ಎಂದು ಎಲ್ಲೆಡೆ ಹೊಗಳಿಕೆ ಬಂತು. ಸಂಸ್ಥೆಯಲ್ಲಿ ಅವನನ್ನು ಕರೆದು ಸನ್ಮಾನಿಸಿದರು. ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯವೇ ವಿಜ್ಞಾನದ ಜೀವಾಳ ಎಂಬ ವಿಷಯದ ಮೇಲೆ ಅವನು ಮಾತಾಡಿದ. ಸಭಾಂಗಣಕ್ಕೆ ನೀರಿನ ಲೋಟಗಳನ್ನು ಉಗ್ರಾಣದಿಂದ ಎಣಿಸಿ ಕಳಿಸಿದವಳು ಅವಳೇ. ಮೆಟ್ಟಿಲ ಮೇಲೆ ನಿಂತರೆ ಚಪ್ಪಾಳೆ ಕೇಳಿಸುತ್ತಿತ್ತು.

ಸಂಜೆ ಅವನು ಕೆಳಗಿಳಿದು ಉಗ್ರಾಣಕ್ಕೆ ಬಂದ. ಅಷ್ಟು ವರ್ಷದಲ್ಲಿ ಅದೇ ಮೊದಲು. ಕೊರಳಿನ ಹಾರವನ್ನು ಎಲ್ಲೋ ತೆಗೆದಿಟ್ಟು ಬಂದಿದ್ದ, ಹೂವಿನ ಎಸಳೊಂದು ಕೋಟಿಗೆ ಅಂಟಿಕೊಂಡಿತ್ತು.

‘ಕೊನೆಗೂ ನೀನು ಹೇಳಿದ ಹಾಗೇ ಆಯ್ತು. ಈಗ ಸಮಾಧಾನ ತಾನೇ?’ ಎಂದ.

ಅವಳು ಲೋಟಗಳನ್ನು ಒರೆಸಿ ಜೋಡಿಸುತ್ತಿದ್ದಳು. ‘ನೀನು ಬರೆದದ್ದರಲ್ಲಿ ನನ್ನ ಮಾತು ಎಲ್ಲಾದ್ರೂ ಬಂತಾ?’ ಎಂದು ಕೇಳಿದಳು.

‘ಅದೆಲ್ಲ ಈಗ ಯಾಕಕ್ಕ. ಹಳೇದು.’ ಕಪಾಟುಗಳ ಮೇಲೆ ಕಣ್ಣಾಡಿಸುತ್ತ, ಬಂದ ಕೆಲಸ ಹೇಳಿದ. ಹೊಸದಾಗಿ ಕೆಲಸ ಶುರು ಮಾಡುತ್ತಿದ್ದಾನೆ, ಡ್ರ್ಯಾಗನ್‌ಫ್ಲೈ ಎಂಬ ಕೀಟದ ಕಣ್ಣಿನ ಮೇಲೆ. ಮೇಲಿರುವ ಹುಡುಗಿಯ ಸೀಳುಗಳು ಹರಿದುಹೋಗುತ್ತವೆ. ‘ನಿನ್ನಂಥ ಕೈ ಇನ್ನೊಬ್ಬರಿಗಿಲ್ಲ. ಮತ್ತೆ ಮೇಲೆ ಬಾ. ನಾನು ನಿರ್ದೇಶಕರ ಹತ್ರ ಮಾತಾಡಿದ್ದೀನಿ.’

ಒಂದು ಗಳಿಗೆ ಅವಳಿಗೆ ಆಸೆಯಾಯಿತು. ಸುಳ್ಳೇಕೆ, ಬಹಳ ಆಸೆಯಾಯಿತು. ಬೆಳ್ಳಿ ಬಣ್ಣದ ಸೀಳುಗಳು ನೀರಿನ ಮೇಲೆ ತೇಲಿ ಬರುವುದನ್ನು ನೋಡಿ ಎಷ್ಟು ಕಾಲವಾಗಿತ್ತು. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

‘ಬರಲ್ಲ’ ಎಂದಳು.

‘ಯಾಕೆ?’

‘ನಾಳೆ ಏನಾದ್ರೂ ಹೆಚ್ಚುಕಮ್ಮಿಯಾದ್ರೆ, ದ್ರಾವಣ ಮಾಡಿದ್ದು ಯಾರು ಅಂತ ಕೇಳ್ತಾರಲ್ಲ.’

ಅವನ ಮುಖ ಕಪ್ಪಿಟ್ಟಿತು. ತಿರುಗಿ ಮೆಟ್ಟಿಲು ಹತ್ತಿ ಹೋದ. ಕಣ್ಣಕ್ಕನ ಕೈ ನಡುಗುತ್ತದೆ, ವಯಸ್ಸಾಯಿತು, ಪಾಪ, ಎಂದು ಅವನು ಮೇಲೆ ಹೇಳಿದನೆಂದು ಅಟೆಂಡರ್ ಬಂದು ತಿಳಿಸಿದ. ಅವಳು ಅಲ್ಲಗಳೆಯಲಿಲ್ಲ. ಅದನ್ನು ನಂಬಿದವರು ಮತ್ತೆ ಕರೆಯಲು ಬರುವುದಿಲ್ಲ, ಅಷ್ಟಾದರೆ ಸಾಕಿತ್ತು.

ನಿವೃತ್ತಿಯವರೆಗೂ ಉಗ್ರಾಣದಲ್ಲೇ ಇದ್ದಳು. ಅಮ್ಮ ತನ್ನ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಾಗ ತಮ್ಮನ ಹೆಂಡತಿ ಹೇಳಿಕಳಿಸಿದಳು, ಇವಳು ಹೋದಳು. ಅಮ್ಮ ಇಬ್ಬರ ಕೈಯನ್ನೂ ಹುಡುಕಿ ಹಿಡಿದುಕೊಂಡು, ನಾನಿರೋವಾಗಲೇ ಒಂದಾಗಿ, ಎಂದು ಅತ್ತಳು. ಇಬ್ಬರೂ ಹೂಂ ಎಂದರು. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ, ಡಾಕ್ಟರು ಯಾವಾಗ ಬರುತ್ತಾರೆ, ಇಷ್ಟು ಮಾತು ಅವರ ನಡುವೆ ನಡೆಯಿತು. ಅಮ್ಮ ತೀರಿಕೊಂಡ ಮೇಲೆ ಅಷ್ಟು ಮಾತೂ ಬೇಕಾಗಲಿಲ್ಲ.